ಬಾಗಿಲ ಹಿಂದಿನ ಹನ್ನೆರಡು ಪದಗಳು

ನಾನು ಮುತ್ತಾತನಾದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ಕೈ ಓಡುವುದಿಲ್ಲ. ಮೊಮ್ಮಗಳಿಗೆ ಹೆಣ್ಣು ಮಗು ಆಯಿತು ಎಂದು ನಂಜನಗೂಡಿನ ಆಸ್ಪತ್ರೆಯ ನರ್ಸಮ್ಮ ಬಂದು ಹೇಳಿದಾಗ ನಾನು ಆ ತಾಯಿಯ ಕಾಲಿಗೇ ಬೀಳಲು ಹೋದೆ.

"ಅಯ್ಯೋ ಏಳಿ ತಾತ, ದಾರೀಲಿ ಬೀಳ್ಬೇಡಿ, ಒಳಗೆ ಇನ್ನೂ ನಾಲ್ಕ್ ಹೆರಿಗೆ ಅವೆ" ಎಂದು ಅವಳು ನನ್ನನ್ನು ದಾಟಿಕೊಂಡು ಹೋದಳು.

ಬಸ್‌ ಸ್ಟ್ಯಾಂಡಿಗೆ ಹೋಗಿ ಅರ್ಧ ಕೆಜಿ ಮೈಸೂರುಪಾಕು ತಂದೆ. ಮನೆಗೆ ಒಂದು ತುಂಡೂ ಬರಲಿಲ್ಲ. ಆಸ್ಪತ್ರೆಯ ಗೇಟಿನಲ್ಲಿ ಸಿಕ್ಕವರಿಗೆಲ್ಲ ಹಂಚಿಬಿಟ್ಟೆ. ಹಲ್ಲು ನೋವು ಅಂತ ಬಂದಿದ್ದ ಒಬ್ಬರ ಬಾಯಿಗೂ ಒಂದು ತುಂಡು ಹಾಕಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಇಂಗ್ಲಿಷು ನನಗೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ಐವತ್ತು ವರ್ಷ ಗೋಡೆಗೆ ಸುಣ್ಣ ಬಳಿಯುವುದೇ ನನ್ನ ಕಸುಬು. ಚಿಕ್ಕಯ್ಯನಛತ್ರದಿಂದ ಕಳಲೆಯವರೆಗೆ ನಾನು ಏಣಿ ಹಾಕದ ಬೀದಿ ಕಡಿಮೆ. ಆದರೆ ನನ್ನ ಸ್ವಂತ ಮನೆ ಸುಣ್ಣ ಕಂಡು ಇಪ್ಪತ್ತು ವರ್ಷವಾಗಿತ್ತು. ಅದನ್ನು ಹೇಳದೆ ನನ್ನ ಹೆಂಡತಿ ಊಟಕ್ಕೆ ಬಡಿಸಿದ ದಿನವಿಲ್ಲ. "ಊರೋರ್ ಗೋಡೆಗೆಲ್ಲ ಹಾಲು, ನಮ್ ಗೋಡೆಗೆ ಮಸಿ" ಎನ್ನುವಳು. ನಾನು ಇನ್ನೊಂದು ಮುದ್ದೆ ಹಾಕು ಎನ್ನುತ್ತಿದ್ದೆ.

ಆ ಮಸಿ ಗೋಡೆಯೇ ನಮ್ಮ ಮನೆಯ ದಫ್ತರ. ನಡುಮನೆಯ ಪಕ್ಕದ ಕೋಣೆಯಲ್ಲಿ, ಬಾಗಿಲು ತೆರೆದರೆ ಮುಚ್ಚಿಹೋಗುವ ಜಾಗದಲ್ಲಿ, ನಾವು ಎಲ್ಲವನ್ನೂ ಸೀಸದ ಕಡ್ಡಿಯಲ್ಲಿ ಬರೆಯುತ್ತೇವೆ. ಟಿ. ನರಸೀಪುರದ ಬಸ್ಸಿನ ಹೊತ್ತು, ಗ್ಯಾಸಿನವನ ನಂಬರು, ಹಸುವಿಗೆ ಗಬ್ಬ ಕಟ್ಟಿಸಿದ ದಿನ, ಮಕ್ಕಳು ಬೆಳೆದ ಎತ್ತರಕ್ಕೆ ಒಂದೊಂದು ಗೆರೆ. ಕಾಗದವಾದರೆ ಕಳೆಯುತ್ತದೆ, ಇಲಿ ತಿನ್ನುತ್ತದೆ, ಒಲೆ ಹಚ್ಚಲು ಹೋಗುತ್ತದೆ. ಗೋಡೆ ಎಲ್ಲಿಗೂ ಹೋಗುವುದಿಲ್ಲ.

ಮೊಮ್ಮಗಳು ಬೆಳೆದದ್ದು ಈ ಮನೆಯಲ್ಲೇ. ಅವಳ ತಾಯಿ, ಅಂದರೆ ನನ್ನ ಮಗಳು, ನಮ್ಮ ಜೊತೆಯಲ್ಲೇ ಇದ್ದು ಬೆಳಿಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತಿದರೆ ಬರುವುದು ಸಂಜೆ. ಹಾಗಾಗಿ ಮೊಮ್ಮಗಳ ಜುಟ್ಟು ಹಾಕಿದವಳು ಅಜ್ಜಿ, ಸ್ಕೂಲಿಗೆ ಬಿಟ್ಟವನು ನಾನು. ಡಿಗ್ರಿ ಮುಗಿಸಿದಳು. ಬ್ಲೌಸಿಗೆ ಆರಿ ವರ್ಕ್ ಕಸೂತಿ ಮಾಡುವುದು ಕಲಿತಳು. ಟಿ. ನರಸೀಪುರದ ಹುಡುಗನನ್ನು ಮದುವೆಯಾದಳು. ಅವನು ಗೂಡ್ಸ್ ಆಟೊ ಓಡಿಸುತ್ತಾನೆ, ಬನ್ನೂರು ಕಡೆಯಿಂದ ತರಕಾರಿ ಬಾಳೆಕಾಯಿ ಲೋಡು ಹೊಡೆಯುತ್ತಾನೆ. ಬಹಳ ಒಳ್ಳೆಯ ಹುಡುಗ, ಆದರೆ ಸ್ವಲ್ಪ ಅವಸರ.

ಅವಳಿಗೆ ಒಂದೇ ಆಸೆ. ನರಸೀಪುರದ ಬಸ್‌ ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ, ಅದರಲ್ಲಿ ಕಸೂತಿ ಹಾಕುವ ಕಂಪ್ಯೂಟರ್ ಮೆಷಿನ್ನು. ಕೈಯಲ್ಲಿ ಮೂರು ದಿನ ಹಿಡಿಯುವ ಕೆಲಸ ಅದರಲ್ಲಿ ಮೂರು ಗಂಟೆಯಂತೆ. ಆ ಮೆಷಿನ್ನಿಗಾಗಿ ಅವಳು ಮದುವೆಗೆ ಮುಂಚಿನಿಂದಲೂ ಶನಿವಾರ ಶನಿವಾರ ದುಡ್ಡು ಕೂಡಿಡುತ್ತಿದ್ದಳು. ಕೂಡಿಟ್ಟದ್ದು ಬ್ಯಾಂಕಿನಲ್ಲಲ್ಲ, ಪೋಸ್ಟಾಫೀಸಿನಲ್ಲಲ್ಲ, ಬಿಟ್‌ಕಾಯಿನ್ನಿನಲ್ಲಿ.

ಮೊದಲು ಗೊತ್ತಾದಾಗ ನಾನು ಹೆದರಿಬಿಟ್ಟಿದ್ದೆ. ಯಾಕೆಂದರೆ ನಮ್ಮ ಹೋಬಳಿಯಲ್ಲಿ ಒಬ್ಬ ಕೋಟು ಹಾಕಿಕೊಂಡು ಬಂದಿದ್ದ. ಮದುವೆ ಹಾಲ್ ಹಿಡಿದು, ಎಲ್ಲರಿಗೂ ಬಿರಿಯಾನಿ ಹಾಕಿಸಿ, ಒಂದು ಹೊಸ ಕಾಯಿನ್ನಿದೆ, ಇವತ್ತು ಹಾಕಿದರೆ ಆರು ತಿಂಗಳಿಗೆ ಎರಡರಷ್ಟು, ಪಕ್ಕದ ಮನೆಯವರನ್ನೂ ಸೇರಿಸಿದರೆ ಮೂರರಷ್ಟು ಎಂದು ಹೇಳಿದ್ದ. ನಾನೂ ಹೋಗಿದ್ದೆ. ಬಿರಿಯಾನಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಜೇಬಿನಲ್ಲಿ ಏನೂ ಇರದಿದ್ದರಿಂದ ನಾನು ಉಳಿದುಕೊಂಡೆ. ನಮ್ಮ ಪಕ್ಕದ ಮನೆಯಾಕೆ ಎರಡು ಕುರಿ ಮಾರಿದ ದುಡ್ಡು ಕೊಟ್ಟಳು. ಕೋಟಿನವನೂ ಇಲ್ಲ, ಕಾಯಿನ್ನೂ ಇಲ್ಲ, ಕುರಿಯೂ ಇಲ್ಲ.

"ನೀನೂ ಅದ್ಕೇ ಹಾಕಿದ್ದೀಯಾ ಮಗ?" ಎಂದು ಮೊಮ್ಮಗಳನ್ನು ಕೇಳಿದ್ದೆ.

"ಅದು ಬೇರೆ ಇದು ಬೇರೆ ತಾತ. ಎರಡರಷ್ಟು ಮಾಡ್ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಅವ್ನು ಕಳ್ಳ. ನಂಗೆ ಯಾರೂ ಏನೂ ಏಳಿಲ್ಲ. ಏರ್ತದೆ, ಇಳೀತದೆ. ಓದ್ವರ್ಷ ಅರ್ಧಕ್ಕರ್ಧ ಇಳ್ದೋಗಿತ್ತು, ನಾನು ಅತ್ತೂ ಇದ್ದೀನಿ."

"ಮತ್ಯಾಕೆ ಹಾಕ್ದೆ?"

"ಕೈಗೆ ಸಿಗೋ ದುಡ್ಡಾದ್ರೆ ಸೀರೆ ಕೊಂಡ್ಬುಡ್ತೀನಿ. ಇದಾದ್ರೆ ತೆಗೆಯೋಕೇ ಭಯ."

ಅದು ನನಗೆ ಅರ್ಥವಾಯಿತು. ಆದರೂ ಪರೀಕ್ಷೆ ಮಾಡಿ ನೋಡೋಣ ಎಂದು ನಂಜನಗೂಡು ಬಸ್‌ ಸ್ಟ್ಯಾಂಡಿನ ಟೀ ಅಂಗಡಿಯವನನ್ನು ಕೇಳಿದೆ: "ಬಿಟ್‌ಕಾಯಿನ್ ಕೊಟ್ರೆ ಟೀ ಕೊಡ್ತೀಯಾ?" ಅವನು ನನ್ನ ಸುಣ್ಣದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, "ಫೋನ್‌ಪೇ ಇದ್ರೆ ಮಾಡು ತಾತ, ಇಲ್ದಿದ್ರೆ ಚಿಲ್ರೆ ಮಡಗು, ಹಿಂದೆ ಜನ ನಿಂತವ್ರೆ" ಎಂದ. ಅಷ್ಟು ದೊಡ್ಡ ಕಾಯಿನ್ನಿಗೆ ಒಂದು ಲೋಟ ಟೀ ಬರುವುದಿಲ್ಲ ಎಂದು ಅವತ್ತೇ ತಿಳಿದುಕೊಂಡೆ.

ಇರಲಿ. ಮಗು ಹುಟ್ಟಿದ ದಿನಕ್ಕೆ ಬರುತ್ತೇನೆ. ಬಾಣಂತಿ ಮನೆಗೆ ಬರಲು ಇನ್ನೂ ಮೂರು ದಿನವಿತ್ತು. ನನಗೆ ಎಲ್ಲಿಂದ ಬಂತೋ ಶಕ್ತಿ! ಪೇಂಟಿನ ವಾಸನೆ ಮಗುವಿಗೆ ಆಗದು ಎಂದು ಒಳ್ಳೆಯ ಸುಣ್ಣದ ಕಲ್ಲು ತಂದು, ನೀರು ಹಾಕಿ ಕುದಿಸಿ ಅರಳಿಸಿ, ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಹಾಕಿ, ಆ ಕೋಣೆಗೆ ಬಳಿದೇ ಬಳಿದೆ. ಗೋಡೆಯ ಮೇಲಿದ್ದ ಬುದ್ಧನ ಫೋಟೊವನ್ನು ಇಳಿಸಿ ಒರೆಸಿ ಮತ್ತೆ ಹಾಕಿದೆ. ಬಾಗಿಲ ಹಿಂದೆ ಬಂದಾಗ ಗ್ಯಾಸಿನವನ ನಂಬರನ್ನು ಮಗಳ ಕೈಯಲ್ಲಿ ಬರೆಸಿಕೊಂಡೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಏನೋ ಸಾಲುಗಳಿದ್ದವು. ಮೊಮ್ಮಗಳು ಓದುವಾಗ ಗೀಚಿದ್ದು ಎಂದುಕೊಂಡು ಕುಂಚ ಎಳೆದೆ.

ಹೆಂಡತಿ ಬಂದು ನೋಡಿ, "ನಾನು ಮೂರ್ ಹೆತ್ತೆ, ಆವಾಗ ಎಲ್ಲೋಗಿತ್ತು ಈ ಸುಣ್ಣ?" ಎಂದಳು. ಅನ್ನುವಾಗ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮೊಮ್ಮಗಳು ಮಗು ಎತ್ತಿಕೊಂಡು ಬಂದಳು. ಬೆಳ್ಳಗಿದ್ದ ಕೋಣೆ ನೋಡಿ, "ತಾತಾ! ನಿಜವಾಗ್ಲೂ ನೀನೇ ಬಳುದ್ಯಾ?" ಎಂದು ನಕ್ಕಳು. ಬಾಗಿಲು ಗೋಡೆಗೆ ಒರಗಿ ತೆರೆದೇ ಇತ್ತು. ಅದರ ಹಿಂದೆ ಏನಿದೆ ಏನಿಲ್ಲ ಎಂದು ನೋಡುವ ಪುರುಸೊತ್ತು ಬಾಣಂತಿಗೆ ಎಲ್ಲಿಂದ ಬರಬೇಕು? ನಾವೆಲ್ಲ ಮಗುವಿನ ಮುಖ ನೋಡುವುದರಲ್ಲೇ ಇದ್ದೆವು.

ಹತ್ತು ಹನ್ನೆರಡು ದಿನ ಸುಖವಾಗಿ ಕಳೆದವು. ಬೆಳಿಗ್ಗೆ ಮಗುವಿನ ಸ್ನಾನ ಎಂದರೆ ನಮ್ಮ ಮನೆಗೆ ಸಿನಿಮಾ. ಅಜ್ಜಿ, ಅಂದರೆ ನನ್ನ ಹೆಂಡತಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಕೆಳಗೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹೊಯ್ಯುವಳು. ನಾನು ಹೊರಗಿನಿಂದ ಒಲೆಗೆ ತೆಂಗಿನ ಗರಿ ತಳ್ಳುವೆ. ಮೊಮ್ಮಗಳು ಹಂಡೆಯ ಪಕ್ಕ ನಿಂತು ಫೋನು ಹಿಡಿದು ನರಸೀಪುರದಲ್ಲಿರುವ ಗಂಡನಿಗೆ ವಿಡಿಯೊದಲ್ಲಿ ತೋರಿಸುವಳು.

ಒಂದು ದಿನ ಅಜ್ಜಿ ಮೇಲಕ್ಕೆತ್ತಿ ಹಿಡಿದಾಗ ಮಗು ಅವಳ ಮುಖಕ್ಕೆ ಸರಿಯಾಗಿ ಉಚ್ಚೆ ಹೊಯ್ದಿತು. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಫೋನು ಕೈಜಾರಿ ಕುದಿಯುತ್ತಿದ್ದ ಹಂಡೆಯೊಳಕ್ಕೆ ಹೋಯಿತು. ಗಂಡನ ಮುಖ ನಗುತ್ತಾ ನಗುತ್ತಾ ನೀರಲ್ಲಿ ಮುಳುಗಿದ್ದನ್ನು ಅಜ್ಜಿ ಕಣ್ಣಾರೆ ಕಂಡಳು. ಒಂದು ನಿಮಿಷಕ್ಕೆ ನನ್ನ ಫೋನು ಹೊಡೆದುಕೊಂಡಿತು.

"ತಾತ, ನಾನ್ ಎಲ್ಲಿಗ್ ಬಿದ್ದೆ?"

"ಹಂಡೆಗಪ್ಪ."

"ಬಿಸಿ ಇತ್ತಾ?"

"ಬೆಂದೋಗಿದ್ದೀಯ."

ಮಾರನೆಯ ದಿನ ಅವನೇ ಆಟೊದಲ್ಲಿ ಬಂದ. ಬೆಂದ ಫೋನನ್ನು ನಂಜನಗೂಡಿನ ರಿಪೇರಿ ಅಂಗಡಿಗೆ ಒಯ್ದರೆ, ಅಂಗಡಿಯವನು ತಿರುಪು ಬಿಚ್ಚಿ ಮೂಗಿಗೆ ಹಿಡಿದು, ಇದು ಸತ್ತುಹೋಗಿದೆ ಎಂದನಂತೆ. ಬೇರೆ ಫೋನು ಕೊಂಡು, ಹಳೆಯ ಸಿಮ್ ಹಾಕಿಸಿಕೊಂಡು ಬಂದ. ನಂಬರುಗಳು ಬಂದವು, ಮಗುವಿನ ಫೋಟೊಗಳೂ ಬಂದವು. ಬಿಟ್‌ಕಾಯಿನ್ನು ಮಾತ್ರ ಬರಲಿಲ್ಲ.

"ಅದಂಗೇ ಬರಲ್ಲ. ಹನ್ನೆರಡು ಪದ ಹಾಕ್ಬೇಕು. ಬರ್ದಿಟ್ಟಿದ್ದೀನಲ್ಲ, ಯೋಚ್ನೆ ಇಲ್ಲ" ಎನ್ನುತ್ತಾ ಮೊಮ್ಮಗಳು ಎದ್ದು ಹೋಗಿ ಕೋಣೆಯ ಬಾಗಿಲನ್ನು ಮುಂದಕ್ಕೆ ಎಳೆದಳು.

ಹಿಂದೆ ಬೆಳ್ಳನೆಯ ಗೋಡೆ.

ಅವಳು ಆ ಗೋಡೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನಗೆ ಆಗಲೇ ಅರ್ಧ ತಿಳಿಯಿತು.

"ಇಲ್ಲೂ ಬಳುದ್ಯಾ ತಾತ?"

ನಾನು ತಲೆ ಆಡಿಸಿದೆ. ಅವಳು ಹಾಸಿಗೆಯ ಮೇಲೆ ಕುಳಿತು ಒಂದೊಂದಾಗಿ ಹೇಳಿದಳು. ಮೊದಲು ಆ ದುಡ್ಡೆಲ್ಲ ಒಂದು ಕಂಪೆನಿಯ ಆ್ಯಪಿನಲ್ಲಿತ್ತು. ಕಂಪೆನಿಗಳಿಗೂ ಕಳ್ಳರು ನುಗ್ಗುತ್ತಾರೆ ಎಂದು ಕೇಳಿ ಹೆದರಿ, ಬಸುರಿಯಾಗಿದ್ದಾಗ ನಮ್ಮ ಮನೆಗೆ ಬಂದಿದ್ದ ದಿನ ತನ್ನದೇ ಫೋನಿನ ಒಂದು ವಾಲೆಟ್ಟಿಗೆ ಹಾಕಿಕೊಂಡಳು. ಅದಕ್ಕೆ ಬೀಗದ ಕೈ ಎಂದರೆ ಹನ್ನೆರಡು ಇಂಗ್ಲಿಷ್ ಪದ, ಒಂದರ ಹಿಂದೆ ಒಂದು, ಕ್ರಮ ತಪ್ಪುವ ಹಾಗಿಲ್ಲ. ಫೋಟೊ ತೆಗೆಯಬಾರದು, ಫೋನಿನಲ್ಲಿ ಇಡಬಾರದು, ಯಾರಿಗೂ ಹೇಳಬಾರದು, ಎಲ್ಲಾದರೂ ಬರೆದಿಡಬೇಕು. ನರಸೀಪುರದಲ್ಲಿ ಇರುವುದು ಬಾಡಿಗೆ ಮನೆ, ಅಲ್ಲಿನ ಗೋಡೆ ಅವರದಲ್ಲ. ಇಲ್ಲಾದರೆ ನನಗೂ ಇಂಗ್ಲಿಷ್ ಬಾರದು, ಅಜ್ಜಿಗೂ ಬಾರದು.

"ಮತ್ತೆ ನೀನು ಈ ಮನೆಗೆ ಸುಣ್ಣ ಬಳೀತೀಯ ಅಂತ ನಾನ್ ಕನಸಲ್ಲೂ ಅನ್ಕೊಂಡಿರ್ಲಿಲ್ಲ ತಾತ" ಎಂದಳು. ಬೈದಿದ್ದರೆ ಸಹಿಸಬಹುದಿತ್ತು.

ಗಂಡ ಕೇಳಿದ: "ಆಧಾರ್ ಕಾರ್ಡ್ ತೋರ್ಸುದ್ರೆ ಕೊಡಲ್ವಾ?"

"ಯಾರ್ಗೆ ತೋರುಸ್ತೀರಾ? ಬ್ಯಾಂಕಾದ್ರೆ ಮ್ಯಾನೇಜರ್ ಮುಂದೆ ಓಗಿ ನಿಂತ್ಕೋಬೋದು. ಇದ್ಕೆ ಮ್ಯಾನೇಜರೇ ಇಲ್ಲ. ಆಫೀಸೂ ಇಲ್ಲ. ಪದ ಇದ್ದೋರ್ದು ದುಡ್ಡು, ಅಷ್ಟೇ."

ಅವನು ಸುಮ್ಮನಿರಲಿಲ್ಲ. ಹೊಸ ಫೋನಿನಲ್ಲಿ ಹುಡುಕಿ, ಕಳೆದುಹೋದ ಕಾಯಿನ್ ತೆಗೆದುಕೊಡುತ್ತೇನೆ, ಮೊದಲು ಫೀಸು ಕಳಿಸಿ ಎನ್ನುವ ಒಬ್ಬನನ್ನು ಹಿಡಿದ. ಕಳಿಸಿಯೇಬಿಡುವವನಿದ್ದ. ಮೊಮ್ಮಗಳು ಫೋನು ಕಿತ್ತುಕೊಂಡಳು. "ಕಳ್ಕೊಂಡೋರ್ನೇ ಹುಡುಕ್ಕೊಂಡ್ ಬರೋ ಕಳ್ರು ಇವ್ರು. ಇರೋದ್ನೂ ಕಳೀಬೇಕಾ?" ಎಂದಳು. ಅವನು ಅಡಿಗೆಮನೆಗೆ ಹೋಗಿ ಚಾಕು ತಂದು, "ಸರಿ, ಕೆರ್ದೇ ನೋಡ್ಬುಡ್ತೀನಿ" ಎಂದು ಗೋಡೆಯ ಮುಂದೆ ಕೂತ.

"ಮುಟ್ಟಬ್ಯಾಡ!" ಎಂದು ನಾನು ಕೂಗಿದ ಕೂಗಿಗೆ ಮಗು ಎಚ್ಚರವಾಗಿ ಅಳತೊಡಗಿತು.

ಕೆರೆದರೆ ಸುಣ್ಣದ ಜೊತೆ ಸೀಸದ ಕಡ್ಡಿಯ ಗೆರೆಯೂ ಪುಡಿಯಾಗಿ ಬರುತ್ತದೆ. ಕುಂಚ ಹಿಡಿದವನಿಗೆ ಮಾತ್ರ ಗೊತ್ತಿರುವುದು ಏನೆಂದರೆ, ಸುಣ್ಣ ಒದ್ದೆಯಿದ್ದಾಗ ಮರೆಮಾಡುವುದಿಲ್ಲ. ಬಳಿದ ಹೊತ್ತಿಗೆ ಗೋಡೆ ಬಳಿದೇ ಇಲ್ಲದ ಹಾಗೆ ಕಾಣುತ್ತದೆ, ಹೊಸಬರು ಅದನ್ನು ನೋಡಿ ಇನ್ನಷ್ಟು ಮೆತ್ತುತ್ತಾರೆ. ಒಣಗಿದ ಮೇಲೆಯೇ ಅದು ಬಿಳುಪು. ಮತ್ತೆ ನೀರು ಬಿದ್ದರೆ ತೆಳು ಸುಣ್ಣ ಮತ್ತೆ ಒಳಗಿನದ್ದನ್ನು ಬಿಟ್ಟುಕೊಡುತ್ತದೆ. ಕಳಲೆಯಲ್ಲಿ ಒಬ್ಬರ ಮನೆಯ ಹೊರಗೋಡೆಗೆ ಬಳಿದು ಬಂದಿದ್ದೆ. ಮೊದಲ ಮಳೆಗೆ ಅವರ ಮಕ್ಕಳು ಇದ್ದಿಲಲ್ಲಿ ಬರೆದಿದ್ದ ಕತ್ತೆಯ ಚಿತ್ರ ಎದ್ದು ನಿಂತು, ಯಜಮಾನರು ನನಗೆ ಹೇಳಿ ಕಳಿಸಿದ್ದರು.

ಆದರೆ ಎರಡು ಮೂರು ಸಲ ಬಳಿದ ಗೋಡೆ ಹಾಗೆ ಬಿಟ್ಟುಕೊಡದು. ಈ ಕೋಣೆಗೆ ನಾನು ಮೂರು ಸಲ ಬಳಿದಿದ್ದೆ. ಎಲ್ಲ ಕಡೆ, ಒಂದು ಕಡೆ ಬಿಟ್ಟು. ಈಗ ಆ ಮಾತನ್ನು ಹೆಂಡತಿಯ ಮುಂದೆ ಬಾಯಿಬಿಟ್ಟು ಹೇಳಬೇಕಾಯಿತು.

"ಬಾಗ್ಲಿಂದೆ ಒಂದೇ ಸಲ ಬಳುದಿದ್ದೀನಿ" ಎಂದೆ.

"ಏನು?"

"ಬಾಗ್ಲಿಂದೆ ಯಾರ್ ನೋಡ್ತಾರೆ? ಎಲ್ಲೋದ್ರೂ ಅಲ್ಲಿ ಒಂದೇ ಸಲ. ಐವತ್ ವರ್ಷದಿಂದ ಅಂಗೇ ಮಾಡ್ಕ ಬಂದಿದ್ದೀನಿ. ಕೈ ಅಂಗೇ ಓಯ್ತು."

ಹೆಂಡತಿ ಸೊಂಟದ ಮೇಲೆ ಕೈ ಇಟ್ಟಳು. "ಮೊಮ್ಮಗಳ್ ಕೋಣೇಲೂ ಕಳ್ ಕೆಲ್ಸವಾ! ಥೂ ನಿನ್ನ, ನಿಂತೇ ನೋಡ್ತೀಯಲ್ಲ, ನೀರ್ ತಕ್ಕಬಾ ಮೊದ್ಲು!"

ಚೊಂಬಿನಲ್ಲಿ ನೀರು ಬಂತು. ಅಜ್ಜಿ ಅಂಗಳಕ್ಕೆ ಚಿಮುಕಿಸುವ ಹಾಗೆ ಬೆರಳಲ್ಲಿ ಹಗುರವಾಗಿ ನೀರು ಎರಚಿದಳು. ನಾನು ಹಳೆಯ ಪಂಚೆಯ ತುಂಡು ಅದ್ದಿ, ಉಜ್ಜದೆ, ಬರೀ ಒತ್ತಿದೆ. ಗೋಡೆ ಬೂದಿ ಬಣ್ಣಕ್ಕೆ ತಿರುಗಿತು. ಮೊದಲು ಬಂದದ್ದು ಮೊಮ್ಮಗಳ ಎತ್ತರದ ಗೆರೆಗಳು. ಅವಳು ಐದು ವರ್ಷದವಳು, ಏಳು ವರ್ಷದವಳು, ಒಂದರ ಮೇಲೊಂದು. ಆಮೇಲೆ ಗ್ಯಾಸಿನವನು ಬಂದ. ಅವನ ಕೆಳಗೆ ನನ್ನ ಇರುವೆ ಸಾಲು ಹೊರಟಿತು.

"ಬಂತು! ಬಂತು ತಾತ! ಒಣಗ್ತದೆ, ಬೇಗ ಬರ್ಕಳಿ!" ಎಂದು ಅವಳು ಕೂಗಿದಳು. ಅವಳ ತೊಡೆಯ ಮೇಲೆ ಮಗು ಹಾಲು ಕುಡಿಯುತ್ತಿತ್ತು. ಅವಳು ಕೂತಲ್ಲಿಂದ ಓದುವುದು, ಗಂಡ ನೆಲದ ಮೇಲೆ ಕೂತು ಬರೆದುಕೊಳ್ಳುವುದು, ಒಣಗಿದ ಕಡೆ ಅಜ್ಜಿ ನೀರು ಹಾಕುವುದು. ಆ ಪದಗಳನ್ನು ನಾನು ಇಲ್ಲಿ ಬರೆಯುವಂತಿಲ್ಲ. ಅದರಲ್ಲಿ ಒಂದು, ನಾನು ದಿನಾ ಹತ್ತಿ ಇಳಿಯುತ್ತಿದ್ದ ಸಾಮಾನಿನ ಹೆಸರಂತೆ. ಅಷ್ಟು ಹೇಳಿದ್ದಕ್ಕೇ ಮೊಮ್ಮಗಳು ಬೈಯುತ್ತಾಳೆ.

ಆ ಹೊತ್ತಿಗೇ ಕುರಿ ಕಳೆದುಕೊಂಡ ಪಕ್ಕದ ಮನೆಯಾಕೆ ಮಗು ನೋಡಲು ಬಂದಳು. ಹೊಸಿಲಲ್ಲೇ ನಿಂತುಬಿಟ್ಟಳು.

"ಏನವ್ವ ಇದು, ಮಗಿಗೆ ನೀರುಯ್ಯೋದು ಬುಟ್ಟು ಗ್ವಾಡೆಗ್ ಉಯ್ತಾ ಇದ್ದೀರಿ?"

ಯಾರಿಗೂ ಹೇಳಬಾರದಲ್ಲ! ಮೊಮ್ಮಗಳ ಗಂಡ ಎದ್ದು ಎರಡು ಕೈ ಅಗಲಿಸಿ ಗೋಡೆಗೆ ಅಡ್ಡ ನಿಂತ. "ಸುಣ್ಣ ಸರೀಗ್ ಇಡ್ದಿಲ್ಲ ಅಜ್ಜಿ, ಅದ್ಕೇ" ಎಂದ.

"ಇವ್ನ್ ಬಳುದ್ರೆ ಎಲ್ಲಪ್ಪ ಇಡ್ದದು? ನಮ್ಮನೇ ಬಾಗ್ಲಿಂದೆ ನೋಡೋಗು" ಎಂದಳು ಆ ಮುದುಕಿ. ನನ್ನ ಹೆಂಡತಿ ನೀರಿನ ಚೊಂಬು ಹಿಡಿದುಕೊಂಡೇ ನಕ್ಕಳು. ನಾನು ಆ ಮುದುಕಿಯನ್ನು ಹೊರಗೆ ಕರೆದುಕೊಂಡು ಹೋಗಿ ಜಗುಲಿಯ ಮೇಲೆ ಕೂರಿಸಿ ಎಲೆ ಅಡಿಕೆ ಕೊಟ್ಟು ಬಂದೆ.

ಒಳಗೆ ಹನ್ನೊಂದು ಪದ ಸಿಕ್ಕಿತ್ತು. ಹತ್ತನೆಯದು ಮಾತ್ರ ಇಲ್ಲ. ಆ ಜಾಗದಲ್ಲಿ ನಾನು ಕುಂಚ ನಿಲ್ಲಿಸಿ ಉಸಿರು ತೆಗೆದುಕೊಂಡಿದ್ದೆ ಎಂದು ಕಾಣುತ್ತದೆ, ಸುಣ್ಣ ದಪ್ಪಗೆ ಕೂತಿತ್ತು. ಒಂದು ಪದ ಇಲ್ಲದಿದ್ದರೆ ಉಳಿದ ಹನ್ನೊಂದೂ ಸುಮ್ಮನೆಯಾ ಎಂದು ಕೇಳಿದೆ. ಹೆಂಡತಿ ನೀರಿನ ಚೊಂಬನ್ನು ತಂದು ನನ್ನ ಮುಂದೆ ಇಟ್ಟಳು.

ನಾನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅದ್ದಿ, ಅಲ್ಲಿ ಅಂಗೈಯಿಂದ ಒತ್ತಿ ಹಿಡಿದುಕೊಂಡೆ. ಅವಸರ ಮಾಡಲಿಲ್ಲ. ಮೊಮ್ಮಗಳ ಗಂಡ "ತೆಗೀರಿ ತಾತ, ನೋಡುಮ" ಎಂದು ಎರಡು ಸಲ ಅಂದ. ತೆಗೆಯಲಿಲ್ಲ. ಮಗು ಒಂದು ಮೊಲೆ ಕುಡಿದು ಮುಗಿಸಿ ಇನ್ನೊಂದಕ್ಕೆ ಹೋಯಿತು. ನಾನು ಇನ್ನೊಂದು ಕೈಯನ್ನೂ ಅದರ ಮೇಲಿಟ್ಟೆ. ಐದು ವರ್ಷದ ಮೊಮ್ಮಗಳು ಸೂಜಿ ಹಿಡಿದು ಅಜ್ಜಿಯ ಸೀರೆಗೆ ಹೂ ಹಾಕಲು ಹೋಗಿದ್ದು, ಬೆರಳು ಚುಚ್ಚಿಕೊಂಡು ನನ್ನ ಹತ್ತಿರ ಓಡಿಬಂದದ್ದು, ಎಲ್ಲ ಕಣ್ಣ ಮುಂದೆ ಬಂತು. ಅಷ್ಟು ವರ್ಷ ಚುಚ್ಚಿಸಿಕೊಂಡ ಬೆರಳಿನ ದುಡ್ಡು ನನ್ನ ಅಂಗೈ ಕೆಳಗಿತ್ತು.

ಬಟ್ಟೆ ತೆಗೆದೆ. ಮೊಮ್ಮಗಳು ಕಣ್ಣು ಕಿರಿದು ಮಾಡಿ ಮುಂದಕ್ಕೆ ಬಾಗಿದಳು. ಆಮೇಲೆ ಗಟ್ಟಿಯಾಗಿ ಓದಿದಳು. ಜಗುಲಿಯ ಮೇಲಿದ್ದ ಮುದುಕಿಗೂ ಕೇಳಿಸಿರಬೇಕು. ಕೇಳಿಸಿದರೆ ಕೇಳಿಸಲಿ, ಒಂದು ಪದದಿಂದ ಯಾರೂ ಏನೂ ಮಾಡಲಾರರಂತೆ.

ಹನ್ನೆರಡೂ ಹಾಕಿದ ಮೇಲೆ ಹೊಸ ಫೋನಿನಲ್ಲಿ ಒಂದು ಚಕ್ರ ತಿರುಗಿತು. ನಾವು ನಾಲ್ಕೂ ಜನ ತಲೆಯನ್ನು ಅದರ ಮೇಲೆ ಬಾಗಿಸಿದ್ದೆವು. ದುಡ್ಡು ಬಂದು ಕೂತಿತು. ನಾನು ಅವತ್ತು ಎರಡನೆಯ ಸಲ ಮುತ್ತಾತನಾದ ಹಾಗೆ ಕುಣಿದೆ ಎಂದು ಹೆಂಡತಿ ಈಗಲೂ ಎಲ್ಲರಿಗೂ ಹೇಳುತ್ತಾಳೆ. ಮಂಡಿ ನೋವು ಮೂರು ದಿನ ಇತ್ತು.

ಮೊಮ್ಮಗಳು ಆ ವಾರವೇ ಮುಕ್ಕಾಲು ಪಾಲು ಮಾರಿದಳು. ಇನ್ನೂ ಏರುತ್ತದೆ ಇರು ಎಂದು ಗಂಡ ಹೇಳಿದ. "ಏರ್ಲಿ, ಇಳೀಲಿ, ನಂಗೆ ಬೇಕಾಗಿದ್ದು ಮೆಷಿನ್ನು" ಎಂದಳು. ಬಂದ ಲಾಭದಲ್ಲಿ ಸರ್ಕಾರಕ್ಕೆ ಒಳ್ಳೆಯ ಪಾಲೇ ತೆರಿಗೆ ಹೋಗುತ್ತದೆಯಂತೆ. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು, ಅವಳಿಗೆ ಉರಿಯಲಿಲ್ಲ. ಉಳಿದ ಕಾಲು ಪಾಲಿನ ಪದಗಳನ್ನು ಈಗ ಎರಡು ಕಡೆ ಬರೆದಿಟ್ಟಿದ್ದಾಳೆ. ಎಲ್ಲಿ ಎಂದು ಗಂಡನಿಗೆ ಒಂದು ಗೊತ್ತು, ಇನ್ನೊಂದು ನನಗೆ ಮಾತ್ರ ಗೊತ್ತು. "ತಾತ, ನಿಂಗೆ ಮೊದ್ಲೇ ಏಳ್ಬೇಕಿತ್ತು" ಎಂದು ಕಿವಿಯಲ್ಲಿ ಹೇಳಿದಳು. ಪಕ್ಕದ ಮನೆಯಾಕೆಯನ್ನೂ ಒಂದು ದಿನ ಕೂರಿಸಿಕೊಂಡು, ಇನ್ನು ಮೇಲೆ ಎರಡರಷ್ಟು ಎಂದವನಿಗೆ ಬಾಗಿಲು ಹಾಕು ಎಂದು ಬಿಡಿಸಿ ಹೇಳಿದಳು. "ಬಿರಿಯಾನಿ ಆಕುದ್ರೆ?" ಎಂದು ಮುದುಕಿ ಕೇಳಿತು. "ತಿಂದು ಬಾ" ಎಂದೆ ನಾನು.

ಈಗ ಅಂಗಡಿ ಶುರುವಾಗಿದೆ. ಮೊನ್ನೆ ಬೆಳಿಗ್ಗೆ ಬಸ್ಸು ಹತ್ತಿ ನರಸೀಪುರಕ್ಕೆ ಹೋಗಿ ನೋಡಿ ಬಂದೆ. ಮೂರಾಳು ನಿಂತರೆ ತುಂಬುವ ಅಂಗಡಿ. ನಡುವೆ ಆ ಮೆಷಿನ್ನು, ಅದರ ಸೂಜಿ ತಾನೇ ಓಡಾಡಿಕೊಂಡು ಹಸಿರು ಬ್ಲೌಸಿನ ತೋಳಿಗೆ ನವಿಲು ಹಾಕುತ್ತಿತ್ತು. ಬನ್ನೂರಿನಿಂದ ಬಂದಿದ್ದ ಒಬ್ಬ ಹೆಂಗಸು, "ಭಾನ್ವಾರ ಮದ್ವೆ ಕಣವ್ವ, ಶನಿವಾರ ಕೊಟ್ಬುಡ್ತೀಯಾ?" ಎಂದು ಗೋಗರೆಯುತ್ತಿದ್ದಳು.

"ಶುಕ್ರವಾರನೇ ಬನ್ನಿ ಅಕ್ಕ" ಎಂದಳು ನನ್ನ ಮೊಮ್ಮಗಳು, ತಲೆ ಎತ್ತದೆ.

ಮಗು ಮೆಷಿನ್ನಿನ ಪಕ್ಕದ ತೊಟ್ಟಿಲಲ್ಲಿತ್ತು. ಅಷ್ಟು ಸದ್ದಿಗೂ ಎಚ್ಚರವಾಗದೆ, ಮುಷ್ಟಿ ಬಿಗಿ ಹಿಡಿದು ಮಲಗಿತ್ತು. ಮೆಷಿನ್ನು ದಾರ ಬದಲಿಸಲು ನಿಂತಾಗ ಮಾತ್ರ ಕಣ್ಣು ಬಿಟ್ಟು ಅತ್ತಿತು. ಮತ್ತೆ ಓಡತೊಡಗಿದ ಕೂಡಲೇ ಸುಮ್ಮನಾಯಿತು.